‘ತಡ್ಕೋ’ ಅನ್ನೋದು ಮದ್ದಲ್ಲ



ಹಾಸ್ಟೆಲ್ ಹುಡುಗರಿಗೆ ಹೆರಿಗೆ ವಾರ್ಡಿನ ಮಾತು ಯಾಕೆ ಅಂತ ಕೆಲವರಾದರೂ ಕೇಳುತ್ತೀರಿ. ಅಕ್ಕ ಸಿಜೇರಿಯನ್ ಆಗಿ ಮಲಗಿದಾಗ ಡಾಕ್ಟರ ಚೀಟಿ ಓದಲು ಮನೆಯವರು ಕರೆಯುವುದು ನಮ್ಮನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಜೇರಿಯನ್. ಇದು ಎಲ್ಲರ ಮನೆಯ ಮಾತು.

ಚರ್ಮ, ಕೊಬ್ಬು, ಪೊರೆ, ಗರ್ಭಕೋಶ ಎಂದು ಪದರ ಪದರವಾಗಿ ಕೊಯ್ದು ಹೊಲಿದ ಹೊಟ್ಟೆ ಅದು. ಬೆನ್ನಿಗೆ ಚುಚ್ಚಿದ ಇಂಜೆಕ್ಷನ್ನಿನ ಜೋಮು ಇಳಿದ ಮೇಲೆ ನೋವು ಬಂದೇ ಬರುತ್ತದೆ. ಆಗ ಕೇಳಿಬರುವ ಮಾತು ಯಾವುದು? ‘ಹೆಣ್ಣಲ್ವಾ, ತಡ್ಕೋ.’ ಕೂಲಿ ಹೆಂಗಸಾದರೆ ಇನ್ನೊಂದು ಮಾತು: ‘ನೀವು ಗಟ್ಟಿ ಜನ, ನಿಮಗೇನಾಗುತ್ತೆ?’ ಗದ್ದೆಯಲ್ಲಿ ದುಡಿದವಳ ಹೊಟ್ಟೆ ಕೊಯ್ದರೆ ನೋಯುವುದಿಲ್ಲವೇ? ಇದು ಹೊಗಳಿಕೆಯಲ್ಲ, ಮಾತ್ರೆ ಕೊಡದಿರಲು ಒಂದು ನೆಪ.

ನೋವು ನುಂಗಿದರೆ ಲಾಭವಿಲ್ಲ, ನಷ್ಟವಿದೆ. ಬಾಣಂತಿ ಎದ್ದು ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕೆಮ್ಮಲು ಹೆದರಿದರೆ ಕಫ ಎದೆಯಲ್ಲೇ ಉಳಿಯುತ್ತದೆ. ಮಗು ಎತ್ತಿ ಹಾಲೂಡಿಸುವುದೂ ಕಷ್ಟ.

ಮಾತ್ರೆ ಕೊಡಬೇಕಾದ್ದು ನೋವು ಏರಿದ ಮೇಲಲ್ಲ, ಡಾಕ್ಟರು ಬರೆದ ಹೊತ್ತು ಹೊತ್ತಿಗೆ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಜೊತೆಗೆ ಐಬುಪ್ರೊಫೆನ್‌ನಂಥದ್ದು. ಹಾಲೂಡಿಸುವ ತಾಯಿ ಇವೆರಡನ್ನೂ ತಗೊಳ್ಳಬಹುದು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದರೆ ಮೊದಲೇ ಹೇಳಬೇಕು. ಕೋಡೀನ್, ಟ್ರಮಡಾಲ್‌ನಂಥ ಮಾತ್ರೆಯನ್ನು ಅಂಗಡಿಯಿಂದ ನಾವೇ ತಂದು ಕೊಡಕೂಡದು. ಹಾಲಿನ ಮೂಲಕ ಇಳಿದು ಕೂಸಿನ ಉಸಿರಿಗೇ ಕುತ್ತು ತರಬಲ್ಲವು. ಕೆಮ್ಮುವಾಗ, ಏಳುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ನೋವು ತಗ್ಗುತ್ತದೆ. ‘ನೀರು ಕುಡಿದರೆ ಹೊಲಿಗೆ ಕೀವಾಗುತ್ತೆ’ ಅನ್ನೋದು ಸುಳ್ಳು. ನೀರಿಲ್ಲದೆ ಮಲ ಗಟ್ಟಿಯಾದರೆ ಮುಕ್ಕಬೇಕಾಗುತ್ತದೆ, ನೋವು ಇಮ್ಮಡಿಯಾಗುತ್ತದೆ.

ಜ್ವರ, ಹೊಲಿಗೆಯಲ್ಲಿ ಕೀವು, ದಿನದಿಂದ ದಿನಕ್ಕೆ ಏರುವ ನೋವು, ಹೆಚ್ಚು ರಕ್ತಸ್ರಾವ, ಒಂದೇ ಕಾಲಿನ ಊತ, ಏದುಸಿರು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್, ಔಷಧಿ, 7 ದಿನದವರೆಗಿನ ಊಟ ಉಚಿತ. ಇದು ಯಾರ ಭಿಕ್ಷೆಯೂ ಅಲ್ಲ. ಹೊರಗಿನಿಂದ ಮಾತ್ರೆ ತನ್ನಿ ಅಂದರೆ ಯಾಕೆ ಅಂತ ಕೇಳೋಣ. ಹತ್ತಾರು ಹಾಸಿಗೆ ನೋಡಿಕೊಳ್ಳುವ ನರ್ಸಮ್ಮನ ಮೇಲೆ ಕೂಗಾಡುವುದು ಬೇಡ. ಮಾತ್ರೆಯ ಹೊತ್ತು ಬರೆದಿಟ್ಟು, ಮರ್ಯಾದೆಯಿಂದ, ಆದರೆ ಬಿಡದೆ ಕೇಳೋಣ. ಅದಕ್ಕೂ ಮೊದಲು ‘ಅಕ್ಕಾ, ನೋವು ಹೆಂಗಿದೆ?’ ಅಂತ ಅವಳನ್ನೇ ಕೇಳೋಣ.

ನಾವು ಅಕ್ಷರ ಕಲಿತದ್ದು ಇದಕ್ಕೂ ಹೌದು.