ಜೋಳದ ಸುಳಿಯೊಳಗಿನ ಹುಳು

ಸೋದರಿಯರೇ, ಅಕ್ಕಿ ಆರಿಸುವಾಗ ಮೊರದಲ್ಲಿ ಒಂದು ಚುಕ್ಕೆ ಸರಿದರೂ ನಮ್ಮ ಕಣ್ಣಿಗೆ ತಪ್ಪುವುದಿಲ್ಲ. ಆದರೆ ಅದೇ ಚುಕ್ಕೆಯ ಫೋಟೋ ತೆಗೆಯಲು ಹೋಗಿ ನೋಡಿ, ಮೊಬೈಲು ಕೈಕೊಡುತ್ತದೆ!

ಕಳೆದ ಮಳೆಗಾಲದಲ್ಲಿ ಹನೂರಿನಿಂದ ನನ್ನ ನಾದಿನಿ ಫೋನು ಮಾಡಿದಳು. "ಮುಸುಕಿನ ಜೋಳದ ಸುಳಿಗೆ ಹುಳ ಬಿದ್ದದ ಅತ್ಗೆ. ಇವ್ರು ಅಂಗಡೀಲಿ ಕೊಟ್ಟ ಔಷಧಿ ತಂದು ಹೊಡೆದ್ರು, ಏನೂ ಆಗ್ನಿಲ್ಲ. ಈಗ ಇನ್ನೊಂದು ಬಾಟ್ಲಿ ತರ್ತಾರಂತೆ." ಆ ಇನ್ನೊಂದು ಬಾಟ್ಲಿಯ ದುಡ್ಡು ಅವಳು ಸಂಘದಿಂದ ತಂದ ಸಾಲದ್ದು.

ಹುಳುವಿನ ಫೋಟೋ ಕಳಿಸು ಎಂದೆ. ಬಂತು. ಹಸಿರು ಮಸುಕಿನ ನಡುವೆ ಒಂದು ಕಂದು ಮಸುಕು, ಅಷ್ಟೇ. ಬೆಳೆಯ ವಿಷಯ ಬಲ್ಲವರೊಬ್ಬರಿಗೆ ತೋರಿಸಿದರೆ, "ಇದರಲ್ಲಿ ಏನು ಹೇಳಲಿ ತಾಯಿ? ತಲೆ ಕಾಣಬೇಕು, ಹಿಂಭಾಗ ಕಾಣಬೇಕು" ಎಂದರು.

ಅವರ ಅನುಮಾನ ಫಾಲ್ ಸೈನಿಕ ಹುಳುವಿನ ಮೇಲೆ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡು, 2018ರಲ್ಲಿ ನಮ್ಮ ಶಿವಮೊಗ್ಗದ ಜೋಳದ ಹೊಲಗಳಲ್ಲಿ ಸಿಕ್ಕಿತು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು ಇದನ್ನು ಗುರುತಿಸಿದರು. ಗುರುತು ಎರಡೇ. ತಲೆಯ ಮೇಲೆ ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗಾಗಿ ಬರೆದಂತೆ ತಿಳಿ ಗೆರೆ. ಹಿಂತುದಿಯ ಹತ್ತಿರ ಚೌಕವಾಗಿ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆ, ರಂಗೋಲಿಗೆ ಇಡುತ್ತೇವಲ್ಲ ಹಾಗೆ.

ಇದನ್ನು ಹಿಡಿಯಲು ದೊಡ್ಡ ಕ್ಯಾಮೆರಾ ಬೇಡ. ಮೊಬೈಲಿನ ಕ್ಯಾಮೆರಾಗೆ ಒಂದು ಗೇಣಿಗಿಂತ ತೀರಾ ಹತ್ತಿರದ ವಸ್ತು ಸ್ಪಷ್ಟ ಕಾಣುವುದಿಲ್ಲ, ನಮ್ಮ ಅಜ್ಜಿಯರಿಗೆ ಸೂಜಿಯ ಕಣ್ಣು ಕಾಣದ ಹಾಗೆಯೇ. ಅದಕ್ಕೂ ಕನ್ನಡಕ ಹಾಕಿದರಾಯಿತು. ಮಕ್ಕಳ ಶಾಲೆಯ ಭೂತಗನ್ನಡಿ ಸಾಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಮಸೂರ ಸಿಕ್ಕರೆ ಇನ್ನೂ ಒಳ್ಳೆಯದು. ಮೊಬೈಲಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಲೆನ್ಸುಗಳೂ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಆದರೆ ಮನೆಯಲ್ಲಿರುವುದನ್ನು ಮೊದಲು ನೋಡಿ. ಮಸೂರವನ್ನು ಕ್ಯಾಮೆರಾದ ಕಣ್ಣಿಗೆ ಒತ್ತಿ ಕೂತಂತೆ ಜಡೆಯ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಎರಡು ಮೂರು ಕಣ್ಣುಗಳಿದ್ದರೆ ಒಂದೊಂದನ್ನೇ ಬೆರಳಿನಿಂದ ಮುಚ್ಚಿ, ಯಾವುದು ಕೆಲಸ ಮಾಡುತ್ತಿದೆ ಎಂದು ಮೊದಲು ಕಂಡುಕೊಳ್ಳಿ. ನನ್ನ ನಾದಿನಿ ಅರ್ಧ ಗಂಟೆ ತಪ್ಪು ಕಣ್ಣಿಗೆ ಮಸೂರ ಕಟ್ಟಿಕೊಂಡು ಕೂತಿದ್ದಳು!

ಇಷ್ಟು ಹತ್ತಿರದಲ್ಲಿ ಒಂದು ರಾಗಿ ಕಾಳಿನಷ್ಟು ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಆದ್ದರಿಂದ ಮೊಣಕೈಗಳನ್ನು ಗಟ್ಟಿಯಾಗಿ ಊರಿ, ಉಸಿರು ಹಿಡಿದು, ಮೊಬೈಲನ್ನು ತುಸುತುಸುವೇ ಮುಂದೆ ಸರಿಸುತ್ತಾ ಹತ್ತು ಫೋಟೋ ತೆಗೆಯಿರಿ. ಒಂದು ಚೆನ್ನಾಗಿ ಬಂದೇ ಬರುತ್ತದೆ. ಫ್ಲ್ಯಾಶ್ ಹಾಕಬೇಡಿ, ಹುಳುವಿನ ಮೈ ಬಿಳುಚಿಕೊಳ್ಳುತ್ತದೆ. ಮುಂಜಾನೆಯ ಬೆಳಕಿಗೆ ಎದುರಾಗಿ ಒಂದು ಬಿಳಿ ಕಾಗದ ಹಿಡಿದರೆ ನೆರಳು ತಿಳಿಯಾಗುತ್ತದೆ. ಆ ಹೊತ್ತಿನಲ್ಲಿ ಚಳಿಗೆ ಹುಳುಗಳು ಹೆಚ್ಚು ಓಡಾಡುವುದೂ ಇಲ್ಲ. ಅಲುಗದಿರಲೆಂದು ಹುಳುಗಳನ್ನು ಫ್ರಿಜ್ಜಿನಲ್ಲಿ ಇಡುವವರಿದ್ದಾರಂತೆ. ಮೊಸರಿನ ಪಕ್ಕದಲ್ಲಿ ಹುಳು! ನನ್ನ ಕೈಲಂತೂ ಆಗದು.

ಮರುದಿನ ಬಂದ ಫೋಟೋದಲ್ಲಿ ತಲೆಕೆಳಗಾದ ಗೆರೆಯೂ ಇತ್ತು, ನಾಲ್ಕು ಚುಕ್ಕೆಯೂ ಇತ್ತು. ಎರಡನೇ ಬಾಟ್ಲಿ ಅಂಗಡಿಯಲ್ಲೇ ಉಳಿಯಿತು. ಬಿತ್ತಿ ಮೂರು ವಾರವಷ್ಟೇ ಆಗಿದ್ದರಿಂದ, 9 ಪಾಲು ಮರಳಿಗೆ 1 ಪಾಲು ಸುಣ್ಣ ಬೆರೆಸಿ ಸುಳಿಗೆ ಹಾಕುವಂತೆ ಬಲ್ಲವರು ಹೇಳಿದರು. ಮೊದಲ ಮೂವತ್ತು ದಿನಗಳಿಗೆ ಇದು ಕೃಷಿ ಇಲಾಖೆಯವರೂ ಹೇಳುವ ಕ್ರಮ. ಎಲೆಗಳ ಮೇಲೆ ನಯವಾದ ರೋಮ ಮುಚ್ಚಿದ ಮೊಟ್ಟೆಯ ಗುಂಪುಗಳನ್ನು ಅತ್ತೆ ಸೊಸೆ ಇಬ್ಬರೂ ಕೈಯಿಂದ ಆರಿಸಿ ಹೊಸಕಿದರು. ಬೆಳೆ ಪೂರ್ತಿ ಉಳಿಯಿತೆನ್ನಲಾರೆ, ಒಂದು ಮೂಲೆ ಹೋಯಿತು. ಹುಳು ತುಂಬಾ ಹೆಚ್ಚಿದ್ದರೆ ಬೇರೆ ಔಷಧಿಯೇ ಬೇಕಾದೀತು. ಚಾಮರಾಜನಗರದ ಹತ್ತಿರ ಹರದನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಫೋಟೋ ಸಮೇತ ಕೇಳಿ.

ಕೊಳ್ಳೇಗಾಲದ ಕಡೆ ರೇಷ್ಮೆ ಸಾಕುವ ಸೋದರಿಯರಿಗೂ ಈ ಮಸೂರ ಬೇಕು. 1980ರಲ್ಲಿ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆ ಹುಳುವಿನ ಮೈಮೇಲೆ ಇಡುವ ಬಿಳಿ ಮೊಟ್ಟೆ ಬರಿಗಣ್ಣಿಗೆ ಸೂಜಿಮೊನೆಯಷ್ಟು. ಅದು ಒಡೆದು ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ.

ನಾದಿನಿಗೆ ಈಗ ಹುಚ್ಚು ಹಿಡಿದಿದೆ. ಅಕ್ಕಿ ಹುಳುವಿನ ಸೊಂಡಿಲಿನ ಫೋಟೋ ಕಳಿಸಿದಳು, ತುಳಸಿ ಕಟ್ಟೆಯ ನೆಗೆಯುವ ಜೇಡದ್ದೂ ಕಳಿಸಿದಳು. "ಎಂಟು ಕಣ್ಣು ಕಾಣ್ತದಾ, ಎಣಿಸಿ ಅತ್ಗೆ" ಅಂತ. ನಾನು ಆರು ಎಣಿಸಿದೆ. ಉಳಿದೆರಡಕ್ಕೆ ತಲೆಯ ಹಿಂದಿನಿಂದ ಇನ್ನೊಂದು ಫೋಟೋ ತೆಗಿ ಎಂದು ಹೇಳಿದ್ದೇನೆ.