ಕಾರ್ಡು ಎಪಿಎಲ್ ಆದ್ರೆ ಆಸ್ಪತ್ರೆ ಬಿಲ್ ಯಾರು ಕಟ್ಟಬೇಕು? ವಿಮೆ ಪ್ರೀಮಿಯಂ ಏರಿಕೆ ನಡುವೆ ಸಿಕ್ಕಿಬಿದ್ದ ನಾಲ್ಕು ತಾಲೂಕಿನ ಅಂಗಡಿಕಾರರು

ಜಮಖಂಡಿ: ಬಡವರಿಗೆ ಬಿಪಿಎಲ್ ಕಾರ್ಡ್ ಐತಿ. ಸರ್ಕಾರಿ ನೌಕರರಿಗೆ ಆರೋಗ್ಯ ಸಂಜೀವಿನಿ ಐತಿ. ಕಾರ್ಖಾನೆ ಕಾರ್ಮಿಕರಿಗೆ ಇಎಸ್‌ಐ ಐತಿ. ಕಿರಾಣಿ, ಬಟ್ಟೆ, ಗೊಬ್ಬರ, ಮೊಬೈಲ್ ಅಂಗಡಿ ಇಟ್ಟುಕೊಂಡವರಿಗೆ ಏನೈತಿ? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ವ್ಯಾಪಾರಸ್ಥರು ಆರೋಗ್ಯ ವಿಮೆ ನವೀಕರಣದ ಮೆಸೇಜ್ ಬಂದಾಗಲೆಲ್ಲ ಕೇಳುತ್ತಿರುವ ಪ್ರಶ್ನೆ ಇದು.

ಈ ಭಾಗದ ಪೇಟೆ ನಡೆಯೋದು ಕಬ್ಬಿನ ಬಿಲ್ ಮೇಲೆ ಮತ್ತು ಮಗ್ಗದ ಮೇಲೆ. ಕಾರ್ಖಾನೆ ಹಣ ಹಾಕಿದ್ರೆ ರೈತ ಅಂಗಡಿಗೆ ಬರ್ತಾನೆ, ಇಲ್ಲಾಂದ್ರೆ ಉದ್ರಿ ಪುಸ್ತಕ ದಪ್ಪ ಆಗ್ತದೆ. ಅಂಥದ್ರಲ್ಲಿ ವರ್ಷಕ್ಕೊಮ್ಮೆ ಇಡಿಗಂಟಾಗಿ ಪ್ರೀಮಿಯಂ ಕಟ್ಟೋದು ಸಣ್ಣ ಮಾತಲ್ಲ.

ಜಿಎಸ್‌ಟಿ ಹೋಯ್ತು, ಭಾರ ಹೋಯ್ತಾ?

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆ ಮೇಲಿದ್ದ ಶೇ 18ರ ಜಿಎಸ್‌ಟಿ ಪೂರ್ತಿ ರದ್ದಾಗಿದೆ. ಇದು ನಿಜವಾದ ಅನುಕೂಲವೇ. ಆದರೆ ಲೆಕ್ಕ ಹಾಕಿ ನೋಡಿ. ಮೂಲ ಪ್ರೀಮಿಯಂ 25,000 ರೂ. ಇದ್ದ ಪಾಲಿಸಿಗೆ ಮೊದಲು ತೆರಿಗೆ 4,500 ರೂ. ಸೇರಿ 29,500 ರೂ. ಕಟ್ಟಬೇಕಿತ್ತು. ಈಗ 25,000 ರೂ. ಸಾಕು. ಆದರೆ ಕಂಪನಿ ಮೂಲ ಪ್ರೀಮಿಯಂ ಅನ್ನೇ ಶೇ 18ರಷ್ಟು ಏರಿಸಿದ್ರೆ ಮತ್ತೆ ಅದೇ 29,500ಕ್ಕೆ ಬಂದು ನಿಲ್ತದೆ. ಆಸ್ಪತ್ರೆ ಖರ್ಚು ಏರಿದಂತೆ ಕಂಪನಿಗಳು ದರ ಪರಿಷ್ಕರಣೆ ಮಾಡ್ತಾವೆ. ಅದರ ಮೇಲೆ ಪಾಲಿಸಿದಾರನ ವಯಸ್ಸು ಒಂದು ಹಂತ ದಾಟಿದ್ರೆ ಮತ್ತೊಂದು ಏರಿಕೆ.

ತೆರಿಗೆ ಹೋದದ್ದರಿಂದ ಕಂಪನಿಗಳಿಗೆ ಹೂಡುವಳಿ ತೆರಿಗೆ ಜಮೆಯೂ ಹೋಗಿದೆ. ಅಂದ್ರೆ ಕಚೇರಿ ಬಾಡಿಗೆ, ಏಜೆಂಟ್ ಕಮಿಷನ್ ಮುಂತಾದವುಗಳ ಮೇಲೆ ಕಟ್ಟಿದ ತೆರಿಗೆಯನ್ನು ಅವು ಇನ್ನು ಹೊಂದಿಸಿಕೊಳ್ಳುವಂತಿಲ್ಲ. ಆ ಹೊರೆ ಒಂದೋ ಏಜೆಂಟರ ಕಮಿಷನ್‌ಗೆ ಕತ್ತರಿ ಹಾಕ್ತದೆ, ಇಲ್ಲಾ ಗ್ರಾಹಕನ ತಲೆ ಮೇಲೆ ಬೀಳ್ತದೆ. ಸಂಘ-ಸಂಸ್ಥೆಗಳು ಸದಸ್ಯರಿಗಾಗಿ ಮಾಡಿಸುವ ಗುಂಪು ವಿಮೆಗೆ ಮಾತ್ರ ತೆರಿಗೆ ವಿನಾಯಿತಿ ಸಿಕ್ಕಿಲ್ಲ.

60 ದಾಟಿದವರಿಗೆ ಒಂದು ರಕ್ಷಣೆ ಇದೆ. ಇವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದ್ರೆ ಮೊದಲು ತನ್ನ ಜೊತೆ ಸಮಾಲೋಚಿಸಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಕಂಪನಿಗಳಿಗೆ ಆದೇಶಿಸಿದೆ. 45-55ರ ನಡುವಿನ ಅಂಗಡಿಕಾರನಿಗೆ ಇಂಥ ಮಿತಿ ಇಲ್ಲ. ಬಿಪಿ, ಶುಗರ್ ಶುರುವಾಗೋದೂ ಇದೇ ವಯಸ್ಸಿನಲ್ಲಿ.

ಬಿಪಿಎಲ್–ಎಪಿಎಲ್: ಅಕ್ಕಿಗಿಂತ ದೊಡ್ಡ ವ್ಯತ್ಯಾಸ

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗದ್ದಲ ಎದ್ದಾಗ ಎಲ್ಲರೂ ಮಾತಾಡಿದ್ದು ಅಕ್ಕಿ ಬಗ್ಗೆ. ಆಸ್ಪತ್ರೆ ವಿಷಯ ಹಿಂದೆ ಉಳಿಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂ.

ಒಂದು ಲಕ್ಷದ ಪ್ಯಾಕೇಜ್ ಚಿಕಿತ್ಸೆ ಅಂದುಕೊಳ್ಳಿ. ಬಿಪಿಎಲ್ ಇದ್ದವರು ಏನೂ ಕೊಡಬೇಕಿಲ್ಲ. ಎಪಿಎಲ್ ಇದ್ದವರಿಗೆ ಸರ್ಕಾರದಿಂದ 30 ಸಾವಿರ, ಉಳಿದ 70 ಸಾವಿರ ಸ್ವಂತ ಕಿಸೆಯಿಂದ.

ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂ. ಅಂದ್ರೆ ತಿಂಗಳಿಗೆ ಹತ್ತು ಸಾವಿರ. ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಅಂಗಡಿ ನಡೆಸುವವರೂ ಕಾಗದದ ಮೇಲೆ ಈ ಗೆರೆ ದಾಟಬಹುದು. ಬ್ಯಾಂಕ್ ಸಾಲಕ್ಕಾಗಿ ಐಟಿ ರಿಟರ್ನ್ ಸಲ್ಲಿಸಿದವರು ಬಹಳ ಮಂದಿ. ಸಾಲ ಬೇಕಂದ್ರೆ ಆದಾಯ ತೋರಿಸಬೇಕು. ಆದಾಯ ತೋರಿಸಿದ್ರೆ ಕಾರ್ಡ್‌ಗೆ ಕುತ್ತು, ಕಾರ್ಡ್ ಹೋದ್ರೆ ಐದು ಲಕ್ಷದ ಆಸರೆಯೂ ಹೋಯ್ತು. ಹತ್ತು ಸಾವಿರದ ಮೇಲೆ ಒಂದು ರೂಪಾಯಿ ದುಡಿದವ, ಲಕ್ಷ ದುಡಿದವ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಿಯಮದ ದೊಡ್ಡ ದೋಷ ಇದೇ.

ಮಗ್ಗದವರ ಕಥೆಯೂ ಬೇರೆ ಅಲ್ಲ. ಇಎಸ್‌ಐ ಅನ್ವಯವಾಗೋದು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ತಿಂಗಳ ವೇತನ 21 ಸಾವಿರ ರೂ. ಮೀರದವರಿಗೆ. ರಬಕವಿ-ಬನಹಟ್ಟಿಯಲ್ಲಿ ಮನೆಯಲ್ಲೇ ನಾಲ್ಕಾರು ಪವರ್‌ಲೂಮ್ ಹಾಕಿಕೊಂಡವರು ಈ ಲೆಕ್ಕಕ್ಕೆ ಬರೋದಿಲ್ಲ.

ಹತ್ತಿರ ಇರುವ ದಾರಿ: ಯಶಸ್ವಿನಿ

2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜಾರಿಯಾದ ಯಶಸ್ವಿನಿ ಯೋಜನೆ ಸಹಕಾರ ಸಂಘದ ಸದಸ್ಯರಿಗೆ ಮೀಸಲು. ಮತ್ತೆ ಶುರುವಾದಾಗ ನಿಗದಿಯಾದ ದರ: ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂ., ನಗರದ ಕುಟುಂಬಕ್ಕೆ 1,000 ರೂ. ಚಿಕಿತ್ಸೆ ಮಿತಿ 5 ಲಕ್ಷ ರೂ. ಖಾಸಗಿ ಪಾಲಿಸಿ ಜೊತೆ ಹೋಲಿಸಿದ್ರೆ ಇದು ಪುಕ್ಕಟೆ ಇದ್ದಂಗ.

ಈ ನಾಲ್ಕು ತಾಲೂಕಿನಲ್ಲಿ ಪತ್ತಿನ ಸಹಕಾರ ಸಂಘ, ನೇಕಾರರ ಸಂಘ, ಪಿಕೆಪಿಎಸ್‌ಗಳಿಗೆ ಬರ ಇಲ್ಲ. ಅಂಗಡಿಕಾರರಲ್ಲಿ ಬಹಳ ಮಂದಿ ಯಾವುದೋ ಒಂದು ಸಂಘದ ಷೇರುದಾರರು. ಆದ್ರೆ ನೋಂದಣಿ ವರ್ಷವಿಡೀ ತೆರೆದಿರೋದಿಲ್ಲ, ನಿಗದಿತ ತಿಂಗಳುಗಳಲ್ಲಷ್ಟೇ. ತಪ್ಪಿದ್ರೆ ಮುಂದಿನ ವರ್ಷವೇ ಗತಿ. ಜನರಲ್ ವಾರ್ಡ್, ನಿಗದಿತ ಚಿಕಿತ್ಸೆಗಳು, ನೆಟ್‌ವರ್ಕ್ ಆಸ್ಪತ್ರೆಗಳು ಎಂಬ ಮಿತಿಗಳೂ ಇವೆ. ಗಡಿ ಭಾಗದ ಜನ ರೂಢಿಯಂತೆ ಮೀರಜ್, ಸಾಂಗಲಿ ಕಡೆ ಹೊರಡುವ ಮುಂಚೆ ತಮ್ಮ ಕಾರ್ಡ್ ಅಲ್ಲಿ ನಡೀತದೋ ಇಲ್ಲೋ ಕೇಳಿಕೊಳ್ಳೋದು ಒಳ್ಳೇದು.

ಸುಧಾರಣೆ ಅಂದ್ರೆ ಕಾರ್ಡೋ, ಆಸ್ಪತ್ರೆಯೋ?

ಚರ್ಚೆ ಹೊಸದಲ್ಲ. 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರು ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ಕೆಪಿಎಂಇ ತಿದ್ದುಪಡಿ ತಂದಾಗ ರಾಜ್ಯದಾದ್ಯಂತ ವೈದ್ಯರು ಮುಷ್ಕರ ಹೂಡಿದ್ದರು. ಬೆಳಗಾವಿ ಅಧಿವೇಶನದಲ್ಲಿ ಗದ್ದಲ ಆಯ್ತು. ಕೊನೆಗೆ ಮಸೂದೆಯನ್ನು ಸಡಿಲಿಸಿ ಪಾಸು ಮಾಡಲಾಯಿತು. ಸರ್ಕಾರಿ ಯೋಜನೆಗಳ ಚಿಕಿತ್ಸೆಗೆ ದರ ನಿಗದಿ ಆಯ್ತು. ಸ್ವಂತ ದುಡ್ಡು ಕೊಟ್ಟು ಅಥವಾ ಖಾಸಗಿ ವಿಮೆ ಹಿಡಿದು ಹೋಗುವವರ ಬಿಲ್‌ಗೆ ಅಂಥ ಮಿತಿ ಬರಲಿಲ್ಲ. ಬಿಲ್‌ಗೆ ಮಿತಿ ಇಲ್ಲ ಅಂದ್ಮೇಲೆ ಪ್ರೀಮಿಯಂಗೂ ಇರೋದಿಲ್ಲ.

ಆಸ್ಪತ್ರೆಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ಸರ್ಕಾರದ ಪ್ಯಾಕೇಜ್ ದರ ಸಾಲದು, ಹಣ ತಡವಾಗಿ ಬರ್ತದೆ ಅನ್ನೋದು ಅವರ ಹಳೇ ದೂರು. ಇತ್ತ ರಾಜ್ಯ ಮತ್ತು ಕೇಂದ್ರದ ನಡುವೆಯೂ ಜಗ್ಗಾಟ ಇದೆ. ಕೇಂದ್ರ ತನ್ನ ಪಾಲು ಕೊಡೋದು 2011ರ ಸಮೀಕ್ಷೆಯ ಪಟ್ಟಿಯಲ್ಲಿರುವ ಕುಟುಂಬಗಳಿಗೆ. ಉಳಿದ ಕಾರ್ಡ್‌ದಾರರ ಖರ್ಚು ರಾಜ್ಯದ್ದೇ.

ಆರೋಗ್ಯ ಕರ್ನಾಟಕದ ನಿಯಮವೇ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅನ್ನುತ್ತದೆ. ಅಲ್ಲಿ ಆಗದಿದ್ರೆ ರೆಫರಲ್ ಪತ್ರ, ತುರ್ತಿದ್ದರೆ ಮಾತ್ರ ವಿನಾಯಿತಿ. ಹಾಗಾದ್ರೆ ತಾಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರು, ಸ್ಕ್ಯಾನಿಂಗ್, ರಾತ್ರಿ ಪಾಳಿ ಗಟ್ಟಿಯಾಗಿದ್ರೆ ಮಾತ್ರ ಈ ವ್ಯವಸ್ಥೆ ನಡೀತದೆ. ಇಲ್ಲಾಂದ್ರೆ ಅದು ಬರೀ ಚೀಟಿ ಬರೆಯುವ ಕೌಂಟರ್ ಆಗ್ತದೆ, ಜನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಅಂತ ಗಾಡಿ ಹತ್ತತಾರ.

ಈಗ ಏನು ಮಾಡಬೇಕು?

* ಸಿಟ್ಟಿನಲ್ಲಿ ಹಳೇ ಪಾಲಿಸಿ ಬಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಬೇಕು. ಸತತ ಐದು ವರ್ಷ ಕಟ್ಟಿದ ಮೇಲೆ ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ. ಪಾಲಿಸಿ ಕಡಿದ್ರೆ ಈ ಎಣಿಕೆ ಮತ್ತೆ ಸೊನ್ನೆಯಿಂದ.
* ದರ ಹೆಚ್ಚಾಯ್ತು ಅನಿಸಿದ್ರೆ ನವೀಕರಣಕ್ಕೆ 45 ದಿನ ಮುಂಚೆಯೇ ಬೇರೆ ಕಂಪನಿಗೆ ಪೋರ್ಟ್ ಮಾಡಲು ಅರ್ಜಿ ಹಾಕಿ. ಕಾದ ಅವಧಿ ಜೊತೆಗೇ ಬರ್ತದೆ.
* ಕ್ಲೇಮ್ ತಿರಸ್ಕಾರ ಆದ್ರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.
* ಷೇರು ಇರುವ ಸಂಘದಲ್ಲಿ ಯಶಸ್ವಿನಿ ನೋಂದಣಿ ಯಾವಾಗ ಅಂತ ಇವತ್ತೇ ಕೇಳಿಡಿ.

ಇವೆಲ್ಲ ಮನೆಮಟ್ಟದ ಉಪಾಯ. ಊರಮಟ್ಟದ ಕೆಲಸ ಬೇರೆ ಇದೆ. ಬಿಪಿಎಲ್ ಮತ್ತು ಎಪಿಎಲ್ ನಡುವೆ ಒಂದೇ ಗೆರೆ ಬದಲು ಮೆಟ್ಟಿಲು ಇರಲಿ, ಸ್ವಲ್ಪ ಹೆಚ್ಚು ದುಡಿದವ ಸ್ವಲ್ಪ ಹೆಚ್ಚು ಕೊಡಲಿ ಅನ್ನೋ ಬೇಡಿಕೆಯನ್ನು ವ್ಯಾಪಾರಸ್ಥರ ಸಂಘಗಳು, ನೇಕಾರರ ಸಂಘಗಳು ಒಟ್ಟಾಗಿ ಇಡಬಹುದು. ರಸ್ತೆ, ಗಟಾರು, ನೀರು ಕೇಳಿದಷ್ಟೇ ಗಟ್ಟಿಯಾಗಿ ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ತಜ್ಞರ ಹುದ್ದೆ ಖಾಲಿ ಅಂತ ಶಾಸಕರನ್ನು ಕೇಳೋರು ಇಲ್ಲಿವರೆಗೆ ಕಡಿಮೆ. ಮತ ಕೇಳಲು ಬಂದವರಿಗೆ ಮೊದಲ ಪ್ರಶ್ನೆ ಅದೇ ಆಗಲಿ.