ಔಷಧದಾನದ ಪಟ್ಟಿಯಲ್ಲಿ ಬಿಟ್ಟುಹೋದ ರೋಗ

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಇವು ಶ್ರಾವಕನ ಷಟ್ಕರ್ಮಗಳು. ಇವುಗಳಲ್ಲಿ ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಆಚಾರ್ಯರು ನಾಲ್ಕಾಗಿ ವಿಂಗಡಿಸಿದ್ದಾರೆ. ಆಹಾರದಾನದಲ್ಲಿ ಜೈನ ಸಮಾಜ ಎಂದೂ ಹಿಂದೆ ಬಿದ್ದಿಲ್ಲ. ಶಾಸ್ತ್ರದಾನದ ಹೆಸರಿನಲ್ಲಿ ಗ್ರಂಥಗಳು ಅಚ್ಚಾಗುತ್ತಲೇ ಇವೆ. ಔಷಧದಾನವೆಂದು ನೇತ್ರ ಚಿಕಿತ್ಸಾ ಶಿಬಿರ, ಮಧುಮೇಹ ತಪಾಸಣೆ, ಹೃದಯ ಪರೀಕ್ಷೆಗಳು ನಡೆಯುತ್ತವೆ. ಇಷ್ಟೆಲ್ಲ ನಡೆದರೂ ಬಸದಿಯ ಟ್ರಸ್ಟುಗಳ ವಾರ್ಷಿಕ ಜಮಾ-ಖರ್ಚಿನಲ್ಲಿ ಒಂದು ಬಾಬು ಹುಡುಕಿದರೂ ಸಿಗುವುದು ಅಪರೂಪ: ಮನಸ್ಸು ಕುಗ್ಗಿದ ಮಗುವಿನ ಚಿಕಿತ್ಸೆಗೆ ಮಾಡಿದ ವೆಚ್ಚ. ರೋಗ ಇಲ್ಲವೆಂದು ಈ ಬಾಬು ಇಲ್ಲವೇ, ಅಥವಾ ರೋಗವನ್ನು ರೋಗವೆಂದು ಒಪ್ಪಲು ಸಮಾಜ ಸಿದ್ಧವಿಲ್ಲವೇ?

ರೋಗವಂತೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ನೂರು ಮಕ್ಕಳಿರುವ ವಿದ್ಯಾರ್ಥಿನಿಲಯಕ್ಕೆ ಈ ಲೆಕ್ಕ ಹಚ್ಚಿದರೆ ಏಳು ಮಕ್ಕಳಾಗುತ್ತವೆ. ಅಹಿಂಸೆಯನ್ನು ಪಾಲಿಸುವ ಮನೆಯೆಂದು ಈ ರೋಗ ಹೊಸ್ತಿಲಲ್ಲೇ ನಿಲ್ಲುವುದಿಲ್ಲ.

ಹದಿನಾಲ್ಕು ವರ್ಷದ ಒಬ್ಬ ಬಾಲಕಿ ಇದ್ದಾಳೆಂದು ಭಾವಿಸೋಣ. ಚೆನ್ನಾಗಿ ಓದುತ್ತಿದ್ದವಳ ಅಂಕಗಳು ಇಳಿಯುತ್ತವೆ. ಗೆಳತಿಯರ ಸಂಗ ಬಿಡುತ್ತಾಳೆ. ಬೆಳಿಗ್ಗೆ ಏಳಲಾರಳು, ರಾತ್ರಿ ನಿದ್ರೆ ಬಾರದು. ಸಣ್ಣ ಮಾತಿಗೂ ಸಿಡುಕುತ್ತಾಳೆ. ಶಾಲೆಯ ಹೊತ್ತಿಗೆ ಹೊಟ್ಟೆನೋವು, ತಲೆನೋವು. ಮಕ್ಕಳ ಖಿನ್ನತೆ ಅಳುವಿನ ರೂಪದಲ್ಲಿಯೇ ಬರಬೇಕೆಂದಿಲ್ಲ, ಸಿಡುಕಿನ ರೂಪದಲ್ಲಿಯೂ ಬರುತ್ತದೆ. ಎರಡು ವಾರಗಳಾದರೂ ಈ ಸ್ಥಿತಿ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕೆಂಬುದು ಶಾಸ್ತ್ರಸಮ್ಮತ ವೈದ್ಯಕೀಯ. ಆದರೆ ನಡೆಯುವುದೇನು? ಮೊದಲ ತಿಂಗಳು ಬೈಗುಳ, ಎರಡನೆಯ ತಿಂಗಳು ದೃಷ್ಟಿ ತೆಗೆಯುವುದು, ಮೂರನೆಯ ತಿಂಗಳು ಜಾತಕ, ಆಮೇಲೆ ಹರಕೆ, ತಾಯಿತ, ಗ್ರಹಶಾಂತಿ. ವರ್ಷ ಕಳೆದ ಮೇಲೆ, ಬೇರೆ ದಾರಿಯಿಲ್ಲದೆ, ನೆಂಟರಿಗೆ ತಿಳಿಯದಂತೆ ದೂರದ ಊರಿನ ವೈದ್ಯರು. ಸಮ್ಯಕ್ತ್ವವನ್ನು ಕೆಡಿಸುವ ಮೂರು ಮೂಢತೆಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿ ಖಂಡಿಸಿ ಶತಮಾನಗಳೇ ಸಂದಿವೆ. ಆ ಗ್ರಂಥವನ್ನು ಪೀಠದ ಮೇಲಿಟ್ಟು ಪೂಜಿಸುವ ಮನೆಯಲ್ಲಿಯೇ ಮಗುವಿನ ಒಂದು ವರ್ಷ ಮೂಢತೆಗೆ ಬಲಿಯಾಗುತ್ತದೆ.

ಇದಕ್ಕೆ ಸಿದ್ಧವಾಗಿರುವ ಮೊದಲ ಸಮರ್ಥನೆ ಕರ್ಮ. ಅಸಾತಾವೇದನೀಯದ ಉದಯವಾಗಿದೆ, ಅನುಭವಿಸಿಯೇ ತೀರಬೇಕು ಎನ್ನುತ್ತಾರೆ. ಹಾಗೆನ್ನುವ ಗೃಹಸ್ಥರೇ ತಮ್ಮ ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುತ್ತಾರೆ. ರಕ್ತದೊತ್ತಡಕ್ಕೆ ಬೇರೆ ಕರ್ಮಸಿದ್ಧಾಂತವಿದೆಯೇ? ಅರತಿ ಮತ್ತು ಶೋಕಗಳನ್ನು ನೋಕಷಾಯಗಳಲ್ಲಿ ಎಣಿಸಿದ ಆಗಮವು ಉದಯಕ್ಕೆ ನಿಮಿತ್ತಗಳಿವೆಯೆಂದೂ ಹೇಳಿದೆ. ವೈದ್ಯ, ಔಷಧ, ಹಿತವಾದ ಮಾತು ಇವೂ ನಿಮಿತ್ತಗಳೇ. ಇನ್ನೂ ಒಂದು ವಿಚಾರವನ್ನು ಈ ಗೃಹಸ್ಥರು ಮರೆಯುತ್ತಾರೆ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಬೋಧಿಸುತ್ತದೆ. ನರಳುವ ಮಗುವನ್ನು ಸೋಮಾರಿ, ನಾಟಕ, ಕುಲಕ್ಕೆ ಕಳಂಕ ಎಂದು ಹಳಿಯುವ ತಂದೆಯು ಮಗುವಿನ ಹಳೆಯ ಕರ್ಮದ ಲೆಕ್ಕ ಬರೆಯುತ್ತಾ ತನ್ನ ಖಾತೆಗೆ ಹೊಸದನ್ನು ಜಮಾ ಮಾಡಿಕೊಳ್ಳುತ್ತಿದ್ದಾನೆ.

ಎರಡನೆಯ ಸಮರ್ಥನೆ, ಇದು ಆರ್ತಧ್ಯಾನ. ಸ್ವಾಧ್ಯಾಯ, ಸಾಮಾಯಿಕಗಳಿಂದ ಹೋಗುತ್ತದೆ ಎಂಬುದು. ಸ್ವಾಧ್ಯಾಯದ ಮಹಿಮೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಪುಟ ಓದಲು ಚಿತ್ತ ನಿಲ್ಲದಿರುವುದೇ ಈ ರೋಗದ ಲಕ್ಷಣ. ಕಾಲು ಮುರಿದವನಿಗೆ ಪ್ರದಕ್ಷಿಣೆ ಹಾಕೆಂದು ವಿಧಿಸಿ, ಹಾಕಲಾರದಾಗ ಭಕ್ತಿ ಸಾಲದೆಂದು ದೂರಿದಂತೆ ಇದು. ಖಿನ್ನತೆಯಲ್ಲಿರುವ ಮಗು ಮೊದಲೇ ತನ್ನನ್ನು ಅಯೋಗ್ಯವೆಂದು ನಂಬಿರುತ್ತದೆ. ಧರ್ಮದ ಹೆಸರಿನಲ್ಲಿ ಆ ನಂಬಿಕೆಗೆ ಮುದ್ರೆ ಒತ್ತಿದರೆ ಪರಿಣಾಮವೇನೆಂದು ಹಿರಿಯರು ಯೋಚಿಸಬೇಕು.

ಉಪವಾಸದ ವಿಷಯವನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ದಶಲಕ್ಷಣ ಪರ್ವದಲ್ಲಿ ಮಕ್ಕಳು ದೀರ್ಘ ಉಪವಾಸ ಮಾಡಿದರೆ ಮೆರವಣಿಗೆ, ಹಾರ, ಸನ್ಮಾನಗಳಾಗುತ್ತವೆ. ವಿವೇಕದಿಂದ ಮಾಡಿದ ಉಪವಾಸ ತಪಸ್ಸು. ಹಸಿವೇ ಸತ್ತುಹೋಗಿ, ತಿನ್ನುವುದು ಬೇಡವಾಗಿ ಬಿಟ್ಟ ಅನ್ನ ತಪಸ್ಸಲ್ಲ, ರೋಗದ ಚಿಹ್ನೆ. ಇವೆರಡರ ಭೇದವನ್ನು ಅರಿಯದೆ ಹಾರ ಹಾಕುವ ಸಮಾಜವು ರೋಗಕ್ಕೇ ಸನ್ಮಾನ ಮಾಡಿದಂತಾಗುತ್ತದೆ.

ಸಲ್ಲೇಖನದ ಮಾತೂ ಹೀಗೆಯೇ. ಬದುಕು ಬೇಡವೆನ್ನುವ ಮಗುವಿನ ಮಾತನ್ನು ವೈರಾಗ್ಯವೆಂದು ಮೆಚ್ಚುವವರೂ ಇಲ್ಲದಿಲ್ಲ. ಪ್ರತೀಕಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಲ್ಲೇಖನವೆಂಬುದು ಸಮಂತಭದ್ರರ ಮತ. ಖಿನ್ನತೆಗೆ ಪ್ರತೀಕಾರವಿದೆ. ಸ್ವತಃ ಸಮಂತಭದ್ರರ ಜೀವನದ ಕುರಿತು ಪರಂಪರೆ ಹೇಳುವುದೂ ಇದನ್ನೇ. ಭಸ್ಮಕ ವ್ಯಾಧಿಯಿಂದ ಬಳಲಿ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ಮೊದಲು ರೋಗ ಶಮನವಾಗಲಿ, ಅದಕ್ಕಾಗಿ ಮುನಿವೇಷವನ್ನು ಬಿಡಬೇಕಾದರೂ ಬಿಡು, ಮತ್ತೆ ದೀಕ್ಷೆ ಪಡೆಯಬಹುದು ಎಂದರು. ಮಹಾಮುನಿಗೆ ಗುರು ತೋರಿದ ಈ ವಿವೇಕವನ್ನು ಮಗುವಿಗೆ ತಂದೆತಾಯಿ ತೋರಬಾರದೇ? ಸಾಯುವ ಯೋಚನೆ ಬರುತ್ತದೆಯೇ ಎಂದು ಮಗುವನ್ನು ಮೃದುವಾಗಿ, ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಹೌದೆಂದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಲ್ಲಿಯವರೆಗೆ ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಬೀಗದಲ್ಲಿಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ, ಶುಲ್ಕವಿಲ್ಲದೆ, ಕನ್ನಡದಲ್ಲಿಯೂ ಉತ್ತರಿಸುತ್ತದೆ.

ಇನ್ನು ಯಾರ ಬಳಿ ಹೋಗಬೇಕೆಂಬ ಪ್ರಶ್ನೆ. ಅಂಗಡಿಗೆ ಸರಕು ತರುವಾಗ ನಾಲ್ಕು ಕಡೆ ವಿಚಾರಿಸುವ ವ್ಯಾಪಾರಿಯೂ ಮಗುವಿನ ಮನಸ್ಸನ್ನು ಒಪ್ಪಿಸುವಾಗ ಹೆಸರುಫಲಕ ನೋಡಿ ಒಳಹೊಕ್ಕುಬಿಡುತ್ತಾನೆ. ಮೊದಲು ಮಕ್ಕಳ ವೈದ್ಯರಲ್ಲಿ ಥೈರಾಯ್ಡ್, ರಕ್ತಹೀನತೆ, ಬಿ12 ಪರೀಕ್ಷೆ ಮಾಡಿಸಬೇಕು. ಬಿ12 ಜೀವಸತ್ವವು ಸಸ್ಯಾಹಾರದಲ್ಲಿ ಹಾಲಿನ ಪದಾರ್ಥಗಳ ಹೊರತು ಹೆಚ್ಚಾಗಿ ಸಿಗದು. ಅದರ ಕೊರತೆಯೂ ಆಯಾಸ, ಮಂಕುತನಗಳನ್ನು ತರುತ್ತದೆ. ಬಳಿಕ ಮನೋವೈದ್ಯರು, ಇವರು ವೈದ್ಯಕೀಯ ಪದವೀಧರರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಮಾತಿನ ಮೂಲಕ ಚಿಕಿತ್ಸೆ ನೀಡುವವರು. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು, ಆ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. ಆಪ್ತಸಮಾಲೋಚಕ ಅಥವಾ ಕೌನ್ಸೆಲರ್ ಎಂಬ ಹೆಸರನ್ನು ಮಾತ್ರ ಸ್ನಾತಕೋತ್ತರ ಪದವಿ ಪಡೆದವರೂ ಹಾಕಿಕೊಳ್ಳುತ್ತಾರೆ, ಕೆಲವು ದಿನಗಳ ತರಬೇತಿ ಪಡೆದವರೂ ಹಾಕಿಕೊಳ್ಳುತ್ತಾರೆ. ಆದ್ದರಿಂದ ಓದಿದ್ದೇನು, ಎಲ್ಲಿ, ಮಕ್ಕಳೊಡನೆ ಎಷ್ಟು ವರ್ಷದ ಅನುಭವ, ಅಗತ್ಯ ಬಿದ್ದರೆ ಯಾವ ಮನೋವೈದ್ಯರಲ್ಲಿಗೆ ಕಳಿಸುತ್ತೀರಿ ಎಂದು ಕೇಳಬೇಕು. ಇಷ್ಟು ದಿನದಲ್ಲಿ ಖಂಡಿತ ಗುಣವೆಂದು ಭರವಸೆ ಕೊಡುವವರಿಂದ ದೂರವಿರಬೇಕು.

ಮಗು ಯಾವ ಭಾಷೆಯಲ್ಲಿ ಅಳುತ್ತದೆಯೋ ಆ ಭಾಷೆ ಬಲ್ಲವರನ್ನು ಹುಡುಕಬೇಕು. ಮಗುವಿಗೆ ಅವರೊಡನೆ ಒಂಟಿಯಾಗಿ ಮಾತಾಡಲು ಅವಕಾಶ ಕೊಡಬೇಕು. ಪ್ರಾಣಾಪಾಯದ ಸಂಗತಿಯನ್ನು ತಜ್ಞರು ತಾವಾಗಿಯೇ ತಿಳಿಸುತ್ತಾರೆ. ಉಳಿದುದನ್ನು ಕೆದಕಿ ಕೇಳಬಾರದು. ಮೂರು-ನಾಲ್ಕು ಭೇಟಿಗಳ ಬಳಿಕವೂ ಮಗುವಿಗೆ ವಿಶ್ವಾಸ ಹುಟ್ಟದಿದ್ದರೆ ಬದಲಿಸುವುದರಲ್ಲಿ ದೋಷವಿಲ್ಲ, ವಾರಕ್ಕೊಬ್ಬರನ್ನು ಬದಲಿಸುವುದು ಮಾತ್ರ ಹಾನಿಕರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಇಂದು ದೇಶವೆಲ್ಲ ಅನುಸರಿಸುವ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದೇ ಬಳ್ಳಾರಿಯಲ್ಲಿ.

ಔಷಧದ ಬಗ್ಗೆ ಜೈನ ಮನೆಗಳಿಗೆ ವಿಶಿಷ್ಟವಾದ ಸಂಕೋಚಗಳಿವೆ. ಕ್ಯಾಪ್ಸೂಲಿನ ಹೊರಕವಚದ ಜೆಲಟಿನ್ ಪ್ರಾಣಿಜನ್ಯ; ಆದ್ದರಿಂದ ಬೇಡವೆಂದು ಔಷಧವನ್ನೇ ಚರಂಡಿಗೆ ಚೆಲ್ಲುವುದುಂಟು. ವೈದ್ಯರನ್ನು ಕೇಳಿದರೆ ಮಾತ್ರೆಯ ರೂಪದಲ್ಲಿಯೋ ಸಸ್ಯಜನ್ಯ ಕವಚದಲ್ಲಿಯೋ ಬರೆದುಕೊಡಬಹುದು. ಸೂರ್ಯಾಸ್ತದ ನಂತರ ಸೇವಿಸದ ನಿಯಮವಿದ್ದರೆ ಅದನ್ನೂ ಹೇಳಬೇಕು. ಎಷ್ಟೋ ಔಷಧಗಳ ವೇಳೆಯನ್ನು ಹಗಲಿಗೆ ಹೊಂದಿಸಲು ಸಾಧ್ಯ. ವ್ರತವನ್ನು ಕಾಯಲು ದಾರಿಗಳಿವೆ. ಔಷಧದ ಫಲ ಕಾಣಲು ಕೆಲವು ವಾರಗಳು ಬೇಕು. ಮೊದಲ ವಾರಗಳಲ್ಲಿ ಮಗುವಿನ ಮೇಲೆ ಹತ್ತಿರದ ನಿಗಾ ಇರಬೇಕು. ಚೇತರಿಸಿದಂತೆ ಕಂಡಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಎಲ್ಲಕ್ಕಿಂತ ಗಟ್ಟಿಯಾದ ಅಡ್ಡಗೋಡೆ ಮದುವೆಯ ಚಿಂತೆ. ತಿಳಿದರೆ ಸಂಬಂಧ ಯಾರು ತರುತ್ತಾರೆ ಎಂದು ತಾಯಿ ಬಾಯಿ ಕಟ್ಟಿಕೊಳ್ಳುತ್ತಾಳೆ. ಆಕೆಯ ಭಯ ಸುಳ್ಳಲ್ಲ, ಆದರೆ ಆ ಭಯವನ್ನು ಸೃಷ್ಟಿಸಿದ್ದು ಸಮಾಜವೇ. ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಪಾಠಶಾಲೆಯ ಮಗು ಕೂಡ ಕಂಠಪಾಠ ಮಾಡಿರುತ್ತದೆ. ನಿರ್ವಿಚಿಕಿತ್ಸೆಯೆಂದರೆ ರೋಗಿಯಲ್ಲಿ ಜುಗುಪ್ಸೆಪಡದಿರುವುದು. ಉಪಗೂಹನವೆಂದರೆ ಪರರ ಕುಂದನ್ನು ಬಯಲಿಗೆಳೆಯದಿರುವುದು. ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಇದಕ್ಕೆಂದೇ ಇದೆ. ಸ್ಥಿತಿಕರಣವೆಂದರೆ ಜಾರಿದವರನ್ನು ಎತ್ತಿ ನಿಲ್ಲಿಸುವುದು. ವಾರಿಷೇಣನನ್ನು ಅದಕ್ಕಾಗಿಯೇ ನೆನೆಯುತ್ತೇವೆಂದು ಪ್ರವಚನಗಳಲ್ಲಿ ಹೇಳಲಾಗುತ್ತದೆ. ಪಕ್ಕದ ಮನೆಯ ಮಗು ಮನೋವೈದ್ಯರಲ್ಲಿಗೆ ಹೋಯಿತೆಂಬ ಸುದ್ದಿ ಅದೇ ಪ್ರವಚನದ ಅಂಗಳದಲ್ಲಿ ಬಾಯಿಂದ ಬಾಯಿಗೆ ಹೋಗುವುದಾದರೆ ಎಂಟು ಅಂಗಗಳಲ್ಲಿ ಉಳಿದದ್ದೆಷ್ಟು?

ಟ್ರಸ್ಟುಗಳು ಮಾಡಬೇಕಾದ ಕೆಲಸ ದೊಡ್ಡದಲ್ಲ. ಪಂಚಕಲ್ಯಾಣದ ಚಪ್ಪರ, ದೀಪಾಲಂಕಾರ, ಆಹ್ವಾನ ಪತ್ರಿಕೆಗಳ ವೆಚ್ಚದಲ್ಲಿ ಒಂದು ಅಲ್ಪಾಂಶವನ್ನು ತೆಗೆದು ಮನೋರೋಗದ ಔಷಧದಾನಕ್ಕೆ ಪ್ರತ್ಯೇಕ ನಿಧಿ ಮಾಡಬೇಕು. ಫಲಾನುಭವಿಗಳ ಹೆಸರು ವರದಿಯಲ್ಲಿ ಅಚ್ಚಾಗಬಾರದು. ಜಿಲ್ಲೆಯ ಅರ್ಹ ತಜ್ಞರ ಪಟ್ಟಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಬಸದಿಯ ಕಚೇರಿಯಲ್ಲಿಡಬೇಕು. ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರಿಗೆ ತರಬೇತಿ ಕೊಡಿಸಬೇಕು. ಬಡ ಮನೆಯವರಿಗೆ ದೂರದ ಆಸ್ಪತ್ರೆಗೆ ಹೋಗಿಬರುವ ಖರ್ಚು ಕೊಡಬೇಕು. ಸಮಾಜದ ಸಂಘಗಳು ಗುಂಪುವಿಮೆ ಮಾಡಿಸುವಾಗ ಮನೋರೋಗ ಅದರಲ್ಲಿ ಸೇರಿದೆಯೇ ಎಂದು ನೋಡಬೇಕು. ಶಾರೀರಿಕ ರೋಗಗಳಿಗೆ ಸಮನಾಗಿ ಮನೋರೋಗಕ್ಕೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಮಾ ಕಂಪನಿಗಳಿಗೆ ವಿಧಿಸಿದೆ.

ಇಷ್ಟಕ್ಕೂ ಹಣವಿಲ್ಲವೆನ್ನುವ ಟ್ರಸ್ಟು ತನ್ನ ಕಳೆದ ಮೂರು ವರ್ಷಗಳ ಲೆಕ್ಕಪತ್ರವನ್ನು ಸಭೆಯ ಮುಂದಿಡಲಿ. ಜೀವಿಗಳಿಗೆ ಹಿಂಸೆಯಾಗದಂತೆ ನೀರನ್ನು ಸೋಸಿ ಕುಡಿಯುವ ಸಮಾಜವಿದು. ಅದೇ ಮನೆಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತ ಪಂಚೇಂದ್ರಿಯ ಜೀವವೊಂದಕ್ಕೆ ಅಭಯ ಬೇಕಾಗಿದೆ. ಮುಂದಿನ ಸರ್ವಸಾಧಾರಣ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಬರದಿದ್ದರೆ, ಯಾಕೆ ಬರಲಿಲ್ಲವೆಂದು ಎದ್ದುನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ, ಮುಖ್ಯವಾಗಿ ಪ್ರತಿಯೊಬ್ಬ ತಾಯಿಗೂ ಇದೆ.